ಗಿಡದ ವಂಶಾವಳಿ, ಆಳಿನ ಹೆಸರು

ಕಳೆದ ಮಾಗಿಯಲ್ಲಿ ಒಂದು ಶನಿವಾರ ಅಪರಾಹ್ಣ ನನ್ನ ತರಗತಿಯ ಹತ್ತು ಹನ್ನೆರಡು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೆಬ್ಬಾಳದ ವೀರಗಲ್ಲನ್ನು ನೋಡಲು ಹೋಗಿದ್ದೆ. ಹಳಗನ್ನಡದ ಶಾಸನವನ್ನು ಪಠ್ಯಪುಸ್ತಕದಲ್ಲಿ ಓದುವುದಕ್ಕೂ ಕಲ್ಲಿನ ಎದುರು ನಿಂತು ಒಂದೊಂದೇ ಅಕ್ಷರವನ್ನು ಗುರುತಿಸುವುದಕ್ಕೂ ಬಹಳ ಅಂತರವಿದೆ. 2018ರಲ್ಲಿ ನೆಲ ಅಗೆಯುತ್ತಿದ್ದಾಗ ದೊರೆತ ಈ ಕಲ್ಲು ಗಂಗರ ಶ್ರೀಪುರುಷನ ಆಳ್ವಿಕೆಗೆ, ಸುಮಾರು ಕ್ರಿ.ಶ. 750ಕ್ಕೆ, ಸೇರಿದ್ದು. ಹೆಬ್ಬಾಳವು ಆಗ ಪೆರ್ಬೊಳಲು. ನಾಡಿನ ಮೇಲೆ ದಂಡು ಬಂದಾಗ ಕಾದಿ ಮಡಿದ ಕಿತ್ತಯನೆಂಬವನ ಹೆಸರನ್ನು ಈ ಕಲ್ಲು ಕಾಪಾಡಿಕೊಂಡು ಬಂದಿದೆ. ಅವನು ಅರಸನಲ್ಲ, ಕವಿಯಲ್ಲ. ಸಾವಿರದ ಇನ್ನೂರಕ್ಕೂ ಮಿಕ್ಕಿದ ವರ್ಷಗಳ ತರುವಾಯವೂ ಅವನ ಹೆಸರನ್ನು ನಾವು ಬಾಯಿ ತುಂಬ ಹೇಳಬಹುದು. ವಿದ್ಯಾರ್ಥಿಗಳಿಗೆ ಇದನ್ನೇ ವಿವರಿಸುತ್ತಿದ್ದೆ.

ಗುಂಪಿನ ಹಿಂದೆ ನಿಂತಿದ್ದ ಒಬ್ಬ ವಿದ್ಯಾರ್ಥಿನಿ ಆಗ ಒಂದು ಮಾತು ಹೇಳಿದಳು. ಸಕಲೇಶಪುರದ ಕಡೆಯವಳು, ಕಾಫಿ ತೋಟದ ಲೈನು ಮನೆಯಲ್ಲಿ ಹುಟ್ಟಿ ಬೆಳೆದವಳು. "ಸಾರ್, ನಮ್ಮ ತೋಟದಲ್ಲೂ ಒಂದು ಕಲ್ಲಿದೆ. ದೊರೆಸಾನಿಯ ಗೋರಿ. ಅವಳ ಹೆಸರು, ಹುಟ್ಟಿದ ದಿನ, ಸತ್ತ ದಿನ ಎಲ್ಲಾ ಕೆತ್ತಿದ್ದಾರೆ. ನಮ್ಮ ಮುತ್ತಜ್ಜ ಸತ್ತದ್ದೂ ಅದೇ ತೋಟದಲ್ಲಿ. ಎಲ್ಲಿ ಮಣ್ಣು ಮಾಡಿದರು ಅಂತ ಯಾರಿಗೂ ಗೊತ್ತಿಲ್ಲ." ಅವಳ ದನಿಯಲ್ಲಿ ದೂರಿನ ಛಾಯೆ ಇರಲಿಲ್ಲ. "ನಮ್ಮ ತೋಟ" ಎಂದು ಅವಳು ಹೇಳಿದ್ದರಲ್ಲಿ ಒಡೆತನದ ಸೊಲ್ಲೂ ಇರಲಿಲ್ಲ. ಮೂರು ತಲೆಮಾರು ದುಡಿದ ನೆಲವನ್ನು ಬೇರೆ ಯಾವ ಮಾತಿನಿಂದ ಕರೆಯಬೇಕು? ಮನೆಗೆ ಹಿಂದಿರುಗುವಾಗ ಯಲಹಂಕದವರೆಗೂ ಆ ಮಾತು ನನ್ನ ಜೊತೆಯಲ್ಲಿಯೇ ಬಂತು. ಅದರಿಂದ ಹುಟ್ಟಿದ ಆಲೋಚನೆಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ತೋಟಗಳ ಚರಿತ್ರೆಯೆಂದು ನಾವು ಓದುತ್ತಿರುವುದು ಬಹುಮಟ್ಟಿಗೆ ತೋಟದ ಒಡೆಯರ ಚರಿತ್ರೆ. ಆಂಗ್ಲರ ಕಾಲದ ತೋಟಗಳೆಂದರೆ ಉತ್ತರದಲ್ಲಿ ಅಸ್ಸಾಮ್, ದಕ್ಷಿಣದಲ್ಲಿ ನೀಲಗಿರಿ, ಕಡಲಾಚೆ ಸಿಂಹಳ, ಹೀಗೆ ಚಹದ ಹೆಸರೇ ಮೊದಲು ನೆನಪಿಗೆ ಬರುತ್ತದೆ. ನಮ್ಮ ನಾಡಿನಲ್ಲಿ ಚಹಾ ತೋಟಗಳು ಬೆರಳೆಣಿಕೆಯವು; ಕೆಳಗೂರು, ಕಾಡುಮನೆಗಳಂಥ ಕೆಲವು ಹೆಸರುಗಳನ್ನು ಹೇಳಿದರೆ ಪಟ್ಟಿ ಮುಗಿಯುತ್ತ ಬರುತ್ತದೆ. ಇಲ್ಲಿ ದೊರೆಗಳ ಸಂಪತ್ತು ಬೆಳೆದದ್ದು ಕಾಫಿಯ ಮೇಲೆ. ಬಾಬಾಬುಡನ್ ಅವರು ಯೆಮನ್ನಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದು. ದೊರೆಗಳು ಬರುವ ಮೊದಲೇ ಮಲೆನಾಡಿನ ಹಿತ್ತಲುಗಳಲ್ಲಿ ಕಾಫಿಯ ಗಿಡಗಳಿದ್ದವು. 1831ರಿಂದ 1881ರವರೆಗೆ ಮೈಸೂರು ಆಂಗ್ಲ ಕಮಿಷನರುಗಳ ಆಡಳಿತದಲ್ಲಿತ್ತು. 1834ರಲ್ಲಿ ಕೊಡಗು ಕಂಪನಿಯ ಕೈಸೇರಿತು. ಗಿಡಗಳು ಹಿತ್ತಲನ್ನು ಬಿಟ್ಟು ಎಸ್ಟೇಟಿಗೆ ಹೋದದ್ದು ಈ ಅವಧಿಯಲ್ಲಿ. ಬಾಬಾಬುಡನ್‌ಗಿರಿಯ ದಕ್ಷಿಣಕ್ಕೆ ತೋಟ ಮಾಡಿದ ಕ್ಯಾನನ್, 1843ರಲ್ಲಿ ಮಂಜರಾಬಾದಿನ ಐಗೂರಿನ ಬಳಿ ನೆಲ ಹಿಡಿದ ಗ್ರೀನ್, 1854ರಲ್ಲಿ ಮಡಿಕೇರಿಯಲ್ಲಿ ತೋಟ ತೆರೆದ ಫೌಲರ್, ಇವರ ಹೆಸರುಗಳು ಗೆಜೆಟಿಯರುಗಳಲ್ಲಿ ಭದ್ರವಾಗಿ ಕುಳಿತಿವೆ. ಮಂಜರಾಬಾದಿನ ರಾಬರ್ಟ್ ಎಲಿಯಟ್ ಎಂಬ ದೊರೆಯಂತೂ 1871ರಲ್ಲಿ ಎರಡು ಸಂಪುಟಗಳ ಅನುಭವಗ್ರಂಥವನ್ನೂ 1894ರಲ್ಲಿ ಚಿನ್ನ, ಬೇಟೆ, ಕಾಫಿಗಳನ್ನು ಒಟ್ಟಿಗೆ ಕಟ್ಟಿದ ಮತ್ತೊಂದು ಗ್ರಂಥವನ್ನೂ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ದಕ್ಷಿಣ ಭಾರತದ ತೋಟದ ಒಡೆಯರೆಲ್ಲ ಸೇರಿ ತಮ್ಮ ಸಂಯುಕ್ತ ಸಂಘವನ್ನು ಕಟ್ಟಿಕೊಂಡದ್ದು 1893ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ಅವರಿಗೆ ಸಂಘವಿತ್ತು, ಕ್ಲಬ್ಬು ಇತ್ತು, ಮುದ್ರಣಾಲಯವಿತ್ತು, ಕೊನೆಗೆ ಗೋರಿಯ ಕಲ್ಲೂ ಇತ್ತು.

ಅವರ ಶ್ರಮವನ್ನೂ ಬುದ್ಧಿಯನ್ನೂ ಅಲ್ಲಗಳೆಯುವುದು ನ್ಯಾಯವಲ್ಲ. ಕಾಫಿಗೆ ನೆರಳು ಎಷ್ಟು, ಯಾವ ಮರದ್ದು, ಯಾವ ಕಾಲಕ್ಕೆ ಮರಗಸಿ ಮಾಡಬೇಕು ಎಂಬ ಬಗ್ಗೆ ಎಲಿಯಟ್ ದೊರೆ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಅದನ್ನು ಓದಿದರೆ ಗಿಡವನ್ನು ಕಂಡು ಬಲ್ಲವನ ಮಾತೆಂದು ಯಾರಿಗಾದರೂ ತಿಳಿಯುತ್ತದೆ. 1869ರಲ್ಲಿ ಸಿಂಹಳದ ಕಾಫಿಗೆ ಎಲೆರೋಗ ತಗುಲಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಬೆಟ್ಟಗಳೆಲ್ಲ ಕಾಫಿಯನ್ನು ಬಿಟ್ಟು ಚಹದ ಪಾಲಾದವು. ನಮ್ಮಲ್ಲಿಯೂ ಆ ರೋಗ ಬಂತು, ಕಾಂಡ ಕೊರೆಯುವ ಹುಳು ಬಂತು, ಹಳೆಯ ಚಿಕ್ಕಮಗಳೂರು ತಳಿ ನೆಲಕಚ್ಚಿತು. ಆದರೂ ನೆರಳು, ಹೊಸ ತಳಿ, ಹಟ ಇವುಗಳ ಬಲದಿಂದ ಕಾಫಿ ಉಳಿಯಿತು. ರೋಗವನ್ನು ತಡೆದು ನಿಂತ ಗಿಡಗಳನ್ನು ಆರಿಸಿ ಬೆಳೆಸಿದ ಕೆಂಟ್ ಎಂಬ ಒಡೆಯನ ಹೆಸರು ಇಂದಿಗೂ ಒಂದು ತಳಿಯ ಹೆಸರಾಗಿ ಬಳಕೆಯಲ್ಲಿದೆ. ಸಕಲೇಶಪುರದ ಆಸ್ಪತ್ರೆಯ ಮೇಲೆ ಕ್ರಾಫರ್ಡ್ ಎಂಬ ದೊರೆಯ ಹೆಸರಿದೆ. ರೋಗಿಗಳು ಅದನ್ನು ಕೃತಜ್ಞತೆಯಿಂದಲೇ ಹೇಳುತ್ತಾರೆ. ಇವೆಲ್ಲ ನಿಜ. ನನ್ನ ತಕರಾರು ಇರುವುದು ಈ ನಿಜಗಳನ್ನೇ ಪೂರ್ತಿ ಚರಿತ್ರೆಯೆಂದು ತಿಳಿಯುವುದರಲ್ಲಿ.

ಇಲ್ಲಿ ಹೆಬ್ಬಾಳವನ್ನು ಇನ್ನೊಮ್ಮೆ ನೆನೆಯಬೇಕಾಗಿದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ನೆಲವನ್ನು ಕೃಷಿ ಪ್ರಯೋಗಕ್ಕಾಗಿ ಕೊಟ್ಟರು. ಆ ಪ್ರಯೋಗ ಕ್ಷೇತ್ರದ ಬೀಜದಿಂದಲೇ ಮುಂದೆ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬೆಳೆದವು. ಕೆನಡಾದಿಂದ 1908ರಲ್ಲಿ ಕೀಟಶಾಸ್ತ್ರಜ್ಞರಾಗಿ ಬಂದು, 1913ರಲ್ಲಿ ಮೈಸೂರು ಕೃಷಿ ಇಲಾಖೆಯ ಮುಖ್ಯಸ್ಥರಾದ ಲೆಸ್ಲಿ ಕೋಲ್‌ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಚಿಕಿತ್ಸೆಯನ್ನು ರೂಢಿಗೆ ತಂದವರು. ಅವರ ಕಾಲದಲ್ಲಿಯೇ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನ ಕೇಂದ್ರ ಆರಂಭವಾಯಿತು. ಅಲ್ಲಿ 1940ರ ದಶಕದಲ್ಲಿ ಹೊರಬಂದ ಎಸ್. 795 ಎಂಬ ತಳಿ ಇಂದಿಗೂ ಮಲೆನಾಡಿನ ತೋಟಗಳಲ್ಲಿ ತುಂಬಿದೆ. ಅದರ ಹುಟ್ಟನ್ನು ಕೇಳಿ ನೋಡಿ. ಎಸ್. 288 ಮತ್ತು ಕೆಂಟ್ ಇವುಗಳ ಸಂತಾನ ಅದು, ಎಸ್. 288ಕ್ಕೆ ಎಸ್. 26 ಮೂಲ; ಎಸ್. 26ರಲ್ಲಿ ಅರೇಬಿಕಾದ ಜೊತೆಗೆ ಲೈಬೀರಿಕಾದ ಅಂಶವೂ ಸೇರಿದೆ. ಹೀಗೆ ಒಂದು ಕಾಫಿ ಗಿಡದ ತಂದೆ, ತಾಯಿ, ಅಜ್ಜ, ಮುತ್ತಜ್ಜರ ವಿವರ ತಪ್ಪಿಲ್ಲದೆ ದಾಖಲೆಯಲ್ಲಿದೆ. ಇದು ಶ್ಲಾಘ್ಯವಾದ ವಿದ್ಯೆ. ಆದರೆ ಆ ಗಿಡಕ್ಕೆ ಗುಂಡಿ ತೆಗೆದವನ ಮುತ್ತಜ್ಜ ಯಾರು? ಗಿಡಕ್ಕೆ ವಂಶಾವಳಿಯನ್ನು ಬರೆದಿಟ್ಟ ನಾಡು ಆಳಿಗೆ ಅದನ್ನು ಬರೆಯಲಿಲ್ಲ.

ಬರೆಯಲೇ ಇಲ್ಲವೆಂದು ಹೇಳಿದರೆ ಅದು ಪೂರ್ತಿ ಸತ್ಯವಾಗದು. ಬರೆದವರು ಒಬ್ಬರಿದ್ದರು, ತೋಟದ ರೈಟರು. ಈ ವಿಷಯದಲ್ಲಿ ನಾನು ಹೊರಗಿನವನಂತೆ ಮಾತನಾಡಲಾರೆ. ನನ್ನ ಅಜ್ಜ, ತಂದೆಯ ತಂದೆ, ಮಂಜರಾಬಾದು ಸೀಮೆಯ ಒಂದು ತೋಟದಲ್ಲಿ ರೈಟರಾಗಿದ್ದರು. ದೊರೆಯ ಕಾಲದಲ್ಲಿ ಕೆಲಸಕ್ಕೆ ಸೇರಿ, ತೋಟ ನಮ್ಮವರ ಕೈಗೆ ಬಂದ ತರುವಾಯವೂ ಕೆಲವು ವರ್ಷ ಅದೇ ಮೇಜಿನ ಮುಂದೆ ಕುಳಿತವರು. ನಸುಕಿನಲ್ಲಿ ಕಂಬಿಯ ತುಂಡಿನ ಮೇಲೆ ಸುತ್ತಿಗೆ ಬಡಿದರೆ ಲೈನಿನವರೆಲ್ಲ ಬಂದು ಸಾಲಾಗಿ ನಿಲ್ಲಬೇಕು. ಮೇಸ್ತ್ರಿ ಕೂಗಿದ ಹೆಸರಿಗೆ ರೈಟರು ಗುರುತು ಹಾಕಬೇಕು. ವಾರದ ಸಂತೆಯ ದಿನ ಆ ಗುರುತುಗಳನ್ನು ಎಣಿಸಿ ಕೂಲಿ ಕೊಡಬೇಕು. ಅದರ ಪಕ್ಕಾ ಪುಸ್ತಕ ಆಫೀಸಿನಲ್ಲಿ ಇರುತ್ತಿತ್ತು. ಅಜ್ಜ ತಮ್ಮ ಅನುಕೂಲಕ್ಕಾಗಿ ಬರೆದುಕೊಂಡ ಒಂದು ಕಚ್ಚಾ ಪುಸ್ತಕ ಮಾತ್ರ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಉಳಿದಿತ್ತು. ಗೆದ್ದಲು ಒಂದು ಮೂಲೆಯನ್ನು ತಿಂದಿದೆ, ಮಿಕ್ಕದ್ದನ್ನು ಓದಬಹುದು.

ದುಂಡಾದ, ಅಚ್ಚುಕಟ್ಟಾದ ಕನ್ನಡ ಅಕ್ಷರ. ಪುಟ ತಿರುಗಿಸಿದರೆ ಹೆಸರುಗಳ ಸಾಲು: ಐತ, ಸೋಮ, ಅಂಗಾರ, ಗುರುವ, ತುಕ್ರ, ಚನಿಯ. ಮೊದಲ ಬಾರಿ ನೋಡಿದಾಗ ಪಂಚಾಂಗವನ್ನು ಓದುತ್ತಿರುವೆನೇನೋ ಎನ್ನಿಸಿತು. ತುಳುನಾಡಿನ ದಲಿತ ಕುಟುಂಬಗಳಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರನ್ನೇ ಇಡುವ ವಾಡಿಕೆಯಿತ್ತು. ಘಟ್ಟದ ಕೆಳಗಿನಿಂದ ಕೂಲಿಗೆ ಬಂದವರಲ್ಲಿ ವಾರದ ಏಳೂ ದಿನಗಳೂ ಇದ್ದವು. ಒಂದೇ ಹೆಸರಿನವರು ಹಲವರಿದ್ದುದರಿಂದ ಅಜ್ಜ ಅವರನ್ನು "ಗುರುವ 1, ಗುರುವ 2, ಕುಂಟ ಗುರುವ" ಎಂದು ಬೇರ್ಪಡಿಸಿದ್ದಾರೆ. ಹೆಂಗಸರ ಹೆಸರು ಕೆಲವು ಕಡೆ ಇದೆ. ಹಲವು ಕಡೆ "ಹೆಣ್ಣಾಳು" ಎಂದು ಬರೆದು ಬರಿಯ ಎಣಿಕೆ ಕೊಟ್ಟಿದೆ. ಪ್ರತಿ ಹೆಸರಿನ ಎದುರು ಮುಂಗಡದ ಮೊತ್ತ, ಹಿಡಿದುಕೊಂಡ ಮೊತ್ತ, ಬಾಕಿ. ಕೆಲವು ಹೆಸರುಗಳ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಒಂದೇ ಪದ: "ಇಲ್ಲ."

ಆ ಪದದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೇನೆ. ಇಲ್ಲವೆಂದರೆ ಅಂದು ಕೆಲಸಕ್ಕೆ ಬರಲಿಲ್ಲವೆ? ಮಳೆಗಾಲಕ್ಕೆ ಊರಿಗೆ ಹೋದನೆ? ಮುಂಗಡ ತೀರಿಸಲಾರದೆ ರಾತ್ರಿ ಲೈನು ಬಿಟ್ಟು ಓಡಿದನೆ? ಚಳಿಜ್ವರ ಬಂದು ಸತ್ತನೆ? ಕನ್ನಡದಲ್ಲಿ ಇವೆಲ್ಲಕ್ಕೂ ಒಂದೇ ಪದ ಸಾಕಾಗುತ್ತದೆ. ಅಜ್ಜನಿಗೂ ಅದು ಸಾಕಾಗಿತ್ತು. ನಾನು ಹುಟ್ಟುವ ಮೊದಲೇ ಅವರು ತೀರಿಕೊಂಡದ್ದರಿಂದ ಕೇಳುವ ದಾರಿಯಿಲ್ಲ.

ಮುಂಗಡವೆಂಬ ಮಾತನ್ನು ಇಂದಿನ ವಿದ್ಯಾರ್ಥಿಗಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೇಸ್ತ್ರಿಯು ತೋಟದ ಹಣವನ್ನು ತೆಗೆದುಕೊಂಡು ಘಟ್ಟ ಇಳಿಯುತ್ತಿದ್ದ, ಇಲ್ಲವೆ ಬಯಲುಸೀಮೆಗೆ ಹೋಗುತ್ತಿದ್ದ. ಮದುವೆಗೋ ಬರಗಾಲಕ್ಕೋ ಕೈ ಚಾಚಿದ ಕುಟುಂಬಕ್ಕೆ ಮುಂಗಡ ಕೊಟ್ಟು, ಇಂತಿಷ್ಟು ತಿಂಗಳು ದುಡಿಯಬೇಕೆಂದು ಕರೆತರುತ್ತಿದ್ದ. ಈ ಸಾಲದ ಹಿಂದೆ ಸರಕಾರದ ಬಲವೂ ಇತ್ತು. 1859ರ ಕರಾರುಭಂಗದ ಕಾಯಿದೆಯ ಪ್ರಕಾರ, ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು. ಅಪ್ಪಣೆಗೆ ತಪ್ಪಿದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಮಾತಿಗೆ ತಪ್ಪಿದ ಮಾಲೀಕನ ವಿರುದ್ಧ ಕೂಲಿಯವನು ಹೂಡಬಹುದಾಗಿದ್ದುದು ಸಿವಿಲ್ ವ್ಯಾಜ್ಯ ಮಾತ್ರ. ಕೂಲಿಯವನ ತಪ್ಪು ಅಪರಾಧ. ಕೊಡಗಿನಂಥ ತೋಟಸೀಮೆಗಳಲ್ಲಿ ಈ ಕಾಯಿದೆಯನ್ನು ಧಾರಾಳವಾಗಿ ಬಳಸಿದರು. 1925ರಲ್ಲಿ ಇದನ್ನು ರದ್ದುಪಡಿಸಿದ ತರುವಾಯವೂ ಮುಂಗಡದ ಪದ್ಧತಿ ನಿಲ್ಲಲಿಲ್ಲ. ಲೈನು ಮನೆ, ಕುಡಿಯುವ ನೀರು, ವೈದ್ಯ, ಮಕ್ಕಳ ಪಾಲನೆ ಇವು ಮಾಲೀಕನ ದಯೆಯಿಂದ ಬರುವುದಲ್ಲ, ಅವನ ಹೊಣೆ ಎಂದು ಕಾಯಿದೆಯ ಬಾಯಿಂದ ಹೇಳಿಸಲು 1951ರವರೆಗೆ ಕಾಯಬೇಕಾಯಿತು.

ಇಷ್ಟನ್ನು ಒಮ್ಮೆ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಹೇಳುತ್ತಿದ್ದಾಗ ಮಿತ್ರರೊಬ್ಬರು ಆಕ್ಷೇಪವೆತ್ತಿದರು. "ಆ ಜನ ಊರಲ್ಲಿದ್ದರೆ ಸುಖವಾಗಿರುತ್ತಿದ್ದರೆ? ಅಲ್ಲಿಯ ಒಡೆಯ ದೊರೆಗಿಂತ ಒಳ್ಳೆಯವನೆ?" ಎಂದರು. ಮಾತು ತೂಕದ್ದು. ಊರಿನ ಒಡೆಯನ ಹೊಲದಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದವನಿಗೆ ತೋಟದಲ್ಲಿ ವಾರಕ್ಕೊಮ್ಮೆ ಅಂಗೈ ಮೇಲೆ ಬೀಳುವ ನಾಣ್ಯವೇ ಒಂದು ಬಿಡುಗಡೆಯಾಗಿ ಕಂಡಿರಬಹುದು. ಕೊಡಗಿನಲ್ಲಿ ಜಮ್ಮದ ಒಡೆಯರ ನೆಲಕ್ಕೆ ಅಂಟಿಕೊಂಡಿದ್ದ ಎರವರಿಗೆ ತೋಟಗಳು ತೆರೆದಾಗ ಇನ್ನೊಂದು ಬಾಗಿಲು ಕಂಡಿತೆಂಬುದು ಸುಳ್ಳಲ್ಲ. ಘಟ್ಟ ಹತ್ತಿದವರೆಲ್ಲ ಅತ್ತುಕೊಂಡೇ ಹತ್ತಿದರೆಂದು ನಾವು ಬರೆದರೆ ಅದೂ ಅವರ ಪರವಾಗಿ ನಾವೇ ಕಟ್ಟಿದ ಕಥೆಯಾಗುತ್ತದೆ. ಒಂದು ಬಂಧನದಿಂದ ತಪ್ಪಿಸಿಕೊಂಡು ಇನ್ನೊಂದರೊಳಗೆ ನಡೆದುಬಂದವರು, ಎರಡರ ನಡುವೆ ಎಷ್ಟು ಅಂತರವಿತ್ತೆಂದು ತಾವೇ ಬಲ್ಲರು. ಆದುದರಿಂದಲೇ ಅವರ ಬಾಯಿಂದ ಬಂದ ಮಾತು ನಮಗೆ ಬೇಕಾಗಿರುವುದು.

ಕನ್ನಡ ಸಾಹಿತ್ಯ ಈ ಕೆಲಸವನ್ನು ಎಷ್ಟರಮಟ್ಟಿಗೆ ಮಾಡಿದೆ? 1933ರಲ್ಲಿ ಕಾರಂತರು 'ಚೋಮನ ದುಡಿ'ಯನ್ನು ಬರೆದರು. ಚೋಮನ ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬನು ಸಾಯುತ್ತಾನೆ, ಇನ್ನೊಬ್ಬನು ಮನೆಗೆ ಮರಳುವುದಿಲ್ಲ. ಆ ಮಕ್ಕಳ ಹೆಸರು ಚನಿಯ, ಗುರುವ. ಅಜ್ಜನ ಪುಸ್ತಕದ ಸಾಲಿನಿಂದಲೇ ಎದ್ದು ಬಂದ ಹೆಸರುಗಳು! ಪದವಿ ತರಗತಿಯಲ್ಲಿ ಆ ಕಾದಂಬರಿಯನ್ನು ಹಲವು ವರ್ಷ ಪಾಠ ಮಾಡಿಯೂ ಇದು ನನಗೆ ಹೊಳೆದಿರಲಿಲ್ಲವೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಕುವೆಂಪು ಅವರು ಘಟ್ಟದ ತಗ್ಗಿನಿಂದ ಬಂದ ಆಳುಗಳನ್ನು ಹೆಗ್ಗಡೆಗಳ ಸರಿಸಮವಾಗಿ ಕಥೆಯ ನಡುಮನೆಗೆ ಕರೆತಂದರು. ಮೂಡಿಗೆರೆಯಲ್ಲಿ ತಾವೇ ಕಾಫಿ ಬೆಳೆದ ತೇಜಸ್ವಿಯವರ ಬರಹದಲ್ಲಿ ತೋಟದ ಬದುಕು ಒಳಗಿನಿಂದ ಕಾಣುತ್ತದೆ. ಕೊಡಗಿನ ಗೌರಮ್ಮನವರ ಪ್ರಸಂಗ ಇನ್ನೂ ವಿಚಾರಾರ್ಹವಾದುದು. ಅವರ ಪತಿ ಕಾಫಿ ತೋಟದಲ್ಲಿ ಕೆಲಸದಲ್ಲಿದ್ದವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಹರಿಜನ ನಿಧಿಗೆ ಮೈಮೇಲಿನ ಒಡವೆಗಳನ್ನು ಬಿಚ್ಚಿಕೊಟ್ಟ ಹೆಣ್ಣುಮಗಳು ಅವರು. 1939ರಲ್ಲಿ, ಇಪ್ಪತ್ತೇಳು ತುಂಬುವ ವೇಳೆಗೆ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಅವರ ಕಥೆಗಳು ಹೆಚ್ಚಾಗಿ ಮಧ್ಯಮವರ್ಗದ ಹೆಣ್ಣಿನ ಸಂಕಟವನ್ನು ಹೇಳುತ್ತವೆ. ಇನ್ನಷ್ಟು ವರ್ಷ ಬಾಳಿದ್ದರೆ ಲೈನು ಮನೆಯ ಹೆಣ್ಣಿನ ಕಥೆಯೂ ಆ ಲೇಖನಿಯಿಂದ ಬರುತ್ತಿತ್ತೋ ಏನೋ.

ಕಾದಂಬರಿಕಾರರು ತಮ್ಮ ಋಣವನ್ನು ಒಂದಿಷ್ಟಾದರೂ ಸಲ್ಲಿಸಿದ್ದಾರೆ. ಅದನ್ನು ಸಲ್ಲಿಸದವರು ನಾವು, ಕನ್ನಡದ ಅಧ್ಯಾಪಕರು. ಹಳಗನ್ನಡದಲ್ಲಿ 'ಆಳ್' ಎಂಬ ಕ್ರಿಯಾಪದಕ್ಕೆ ಆಳ್ವಿಕೆ ನಡೆಸು ಎಂದರ್ಥ. 'ಆಳ್' ಎಂಬ ನಾಮಪದಕ್ಕೆ ಸೇವಕ, ಕಾಲಾಳು, ಭಟ ಎಂದರ್ಥ. ಪರೀಕ್ಷೆಗೆ ಬರುವ ಪದವೆಂದು ಇದನ್ನು ಪ್ರತಿವರ್ಷ ಹೇಳುತ್ತೇನೆ. ಕಿತ್ತಯನು ಆ ಹಳೆಯ ಅರ್ಥದ ಆಳು. ಅವನಿಗೆ ಕಲ್ಲು ದೊರೆಯಿತು. ತೋಟದ ಆಳಿಗೆ ದೊರೆತದ್ದು ಕಚ್ಚಾ ಪುಸ್ತಕದ ಒಂದು ಗೆರೆ. ಇತ್ತ 'ದೊರೆ' ಎಂಬ ಅರಸು ಪದವನ್ನು ಟೋಪಿ ಧರಿಸಿದ ಇಪ್ಪತ್ತು ವರ್ಷದ ಹುಡುಗನಿಗೂ ಕೊಟ್ಟುಬಿಟ್ಟೆವು. 'ಲೈನು', 'ಮೇಸ್ತ್ರಿ', 'ಮರಗಸಿ', 'ಪಲ್ಪರು', 'ಕಣ' ಇವೆಲ್ಲ ಒಂದೂವರೆ ಶತಮಾನದ ಬದುಕನ್ನು ಹೊತ್ತ ಕನ್ನಡ ಪದಗಳು. ಇವನ್ನು ಬಳಸಿದವರು ಇನ್ನೂ ಬದುಕಿರುವಾಗಲೇ ಕೇಳಿ ಬರೆದುಕೊಳ್ಳಲು ನಮಗೆ ಏನು ಅಡ್ಡಿ?

ತೋಟದ ಚರಿತ್ರೆ ದೊರೆಗಳು ಹಡಗು ಹತ್ತಿದ ದಿನ ಮುಗಿಯಿತೆಂದು ತಿಳಿಯುವವರಿದ್ದಾರೆ. ಒಡೆತನ ಬದಲಾಯಿತು, ಒಳ್ಳೆಯ ರೀತಿಯಲ್ಲಿಯೂ ಬದಲಾಯಿತು. ನೀಲಗಿರಿಯಲ್ಲಿ ಕನ್ನಡಕ್ಕೆ ಒಡಹುಟ್ಟಾದ ನುಡಿಯಾಡುವ ಬಡಗರು ಇಂದು ಸ್ವಂತ ಹೊಲದಲ್ಲಿ ಚಹಾ ಬೆಳೆಯುವ ಸಣ್ಣ ಬೆಳೆಗಾರರು. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ಶೇಕಡಾ 98ರಷ್ಟು ಮಂದಿ ಸಣ್ಣ ಹಿಡುವಳಿಯವರೇ. ಅವರ ಕಷ್ಟ ಬೇರೆ, ಅದನ್ನು ದೊರೆಯ ಸಿರಿಯೊಂದಿಗೆ ತೂಗಬಾರದು. ಆದರೆ ಆಳಿನ ಅಲೆದಾಟ ಒಡೆತನದೊಂದಿಗೆ ನಿಲ್ಲಲಿಲ್ಲ. ಸಿಂಹಳದ ಚಹಾ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದ ತಮಿಳರಲ್ಲಿ 5,25,000 ಮಂದಿಯನ್ನು ಭಾರತ ಕರೆದುಕೊಳ್ಳಬೇಕೆಂದು 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಅವರೂ ಒಪ್ಪಂದ ಮಾಡಿಕೊಂಡರು. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಿಗೆ ಬಂದು ನೆಲೆಸಿದವು. ಹಿಂದೆ ಯಾವ ಊರುಗಳಿಂದ ಜನ ಘಟ್ಟ ಹತ್ತುತ್ತಿದ್ದರೋ ಆ ಊರುಗಳ ಪಕ್ಕದಲ್ಲಿಯೇ ಇನ್ನೊಂದು ಘಟ್ಟ ಇಳಿದವರು ಬಂದು ನಿಂತರು. ಈಚಿನ ವರ್ಷಗಳಲ್ಲಿ ಮಲೆನಾಡಿನ ತೋಟಗಳಿಗೆ ಕೊಯ್ಲಿನ ಕಾಲದಲ್ಲಿ ಅಸ್ಸಾಮಿನಿಂದ ಕೂಲಿಕಾರರು ಬರುತ್ತಿದ್ದಾರೆ. ಅವರ ಹೆಸರನ್ನು ನಮ್ಮ ಇಂದಿನ ರೈಟರುಗಳು ಹೇಗೆ ಬರೆದುಕೊಳ್ಳುತ್ತಿದ್ದಾರೆ? "ಅಸ್ಸಾಮಿ 1, ಅಸ್ಸಾಮಿ 2" ಎಂದಿರಲಾರದು ಎಂದು ಆಶಿಸೋಣ.

ಮತ್ತೊಂದು ಕಡೆ, ಶುಕ್ರವಾರ ಸಂಜೆ ಯಶವಂತಪುರದ ದಾರಿಯಲ್ಲಿ ನಿಂತು ನೋಡಿ. ನಗರದ ಕಾರುಗಳು ಸಾಲುಗಟ್ಟಿ ತುಮಕೂರು ರಸ್ತೆ ಹಿಡಿದು ಮಲೆನಾಡಿನ ಕಡೆಗೆ ಹರಿಯುತ್ತವೆ. ದೊರೆಗಳ ಬಂಗಲೆಗಳಲ್ಲಿ ಹಲವು ಈಗ ಅತಿಥಿಗೃಹಗಳು. ಗೋಡೆಯ ಮೇಲೆ ಹುಲಿಯ ಮೇಲೆ ಕಾಲಿಟ್ಟ ದೊರೆಯ ಚಿತ್ರ, ಜಗಲಿಯಲ್ಲಿ ಬೆತ್ತದ ಕುರ್ಚಿ, ಬೆಳಗಿನ ಕಾಫಿ. ಹೋಗಿ ಬರುವುದರಲ್ಲಿ ತಪ್ಪೇನೂ ಇಲ್ಲ. ನಾನೂ ಹೋಗಿದ್ದೇನೆ, ಆ ಕುರ್ಚಿಯಲ್ಲಿ ಕುಳಿತಿದ್ದೇನೆ. ಗೋಡೆಯ ಚಿತ್ರಗಳನ್ನು ತೋರಿಸಿ ದೊರೆಯ ಕಥೆ ಹೇಳುವ ಆತಿಥೇಯರು ಹಿಂದಿನ ಲೈನಿನ ಕಥೆಯನ್ನೂ ಹೇಳಬಲ್ಲರೇ ಎಂಬುದು ನನ್ನ ಪ್ರಶ್ನೆ. ಹೇಳಬೇಕಾದರೆ ಅದನ್ನು ಯಾರಾದರೂ ಬರೆದಿರಬೇಕು.

ಆದುದರಿಂದ ನನ್ನ ಸಲಹೆ ಸರಳವಾದುದು. ಹಾಸನ, ಚಿಕ್ಕಮಗಳೂರು, ಕೊಡಗುಗಳಿಂದ ಬಂದ ಮಕ್ಕಳು ನಮ್ಮ ಊರಿನ ಕಾಲೇಜುಗಳಲ್ಲಿ ತುಂಬಿದ್ದಾರೆ. ಕನ್ನಡ ಎಂ.ಎ. ತರಗತಿಯಲ್ಲಿ ಪ್ರತಿ ವರ್ಷವೂ ಯಾವುದೋ ಕಾವ್ಯದ ಅಲಂಕಾರಗಳ ಮೇಲೆ ಹತ್ತನೆಯ ಸಲದ ಪ್ರಬಂಧ ಬರೆಸುವ ಬದಲು, ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಲೈನಿನ ಹೆಸರುಗಳನ್ನು ಸಂಗ್ರಹಿಸುವ ಕೆಲಸ ಕೊಡೋಣ. ಯಾವ ಊರಿನಿಂದ ಬಂದಿರಿ, ಯಾರು ಕರೆತಂದರು, ಮುಂಗಡ ಎಷ್ಟು, ಹಣ್ಣು ಬಿಡಿಸುವಾಗ ಏನು ಹಾಡುತ್ತಿದ್ದಿರಿ ಎಂದು ಕೇಳಿ ಬರೆಯಲಿ. ತೋಟದ ಮಾಲೀಕರು ಹಳೆಯ ಹಾಜರಿ ಪುಸ್ತಕಗಳನ್ನು ಒಲೆಗೆ ಹಾಕದೆ ಗ್ರಂಥಾಲಯಗಳಿಗೆ ಕೊಡಲಿ. ಅದರಿಂದ ಅವರ ಮನೆತನಕ್ಕೆ ಕುಂದು ಬಾರದು. ರೈಟರುಗಳ ಮಕ್ಕಳು, ಮೊಮ್ಮಕ್ಕಳು ತಮ್ಮ ಅಟ್ಟದ ಪೆಟ್ಟಿಗೆಗಳನ್ನು ತೆರೆಯಲಿ.

ಆ ವಿದ್ಯಾರ್ಥಿನಿಗೂ ಇದೇ ನಾಲ್ಕು ಪ್ರಶ್ನೆಗಳನ್ನು ಬರೆದುಕೊಟ್ಟು ರಜೆಗೆ ಕಳುಹಿಸಿದ್ದೆ. ಹಿಂದಿರುಗಿ ಬಂದಾಗ ಒಂದು ಹಾಳೆಯ ಎರಡೂ ಮಗ್ಗುಲು ತುಂಬಿತ್ತು. ಮುತ್ತಜ್ಜನ ಹೆಸರು ಇತ್ತು, ಬಂದ ಊರಿನ ಹೆಸರು ಇತ್ತು. ಅಜ್ಜನ ಪುಸ್ತಕದ ವಿಷಯವನ್ನೂ ನಾನು ಅವಳಿಗೆ ಹೇಳಿದ್ದೆ. ಅದನ್ನು ಅವಳು ಅಜ್ಜಿಗೆ ಹೇಳಿದಳಂತೆ. ಅಜ್ಜಿಯ ಉತ್ತರವನ್ನು ಅವಳು ಹಾಗೆಯೇ ಬರೆದು ತಂದಿದ್ದಳು: "ಇಲ್ಲ ಅಂತ ಬರೆದರೆ ಸತ್ತ ಅಂತ. ನನ್ನ ಅಪ್ಪ ಸತ್ತಾಗಲೂ ಹಾಗೇ ಬರೆದರು. ಅಪ್ಪನ ಬಾಕಿಯನ್ನು ಮಾರನೇ ವಾರ ನನ್ನ ಹೆಸರಿಗೆ ಹಾಕಿದರು. ನಿಮ್ಮ ಮೇಷ್ಟ್ರಿಗೆ ಹೇಳು, ಇಲ್ಲ ಅಂತ ಇರೋ ಕಡೆ ಅದರ ಕೆಳಗೆ ನೋಡಲಿ."

ಆ ರಾತ್ರಿ ಪುಸ್ತಕವನ್ನು ಮತ್ತೆ ತೆಗೆದೆ. ಅಡ್ಡಗೆರೆ ಎಳೆದ ಹೆಸರುಗಳ ಎದುರಿನ ಬಾಕಿಯನ್ನು ಗುರುತು ಹಾಕಿಕೊಂಡು ಮುಂದಿನ ಪುಟಗಳಲ್ಲಿ ಹುಡುಕಿದೆ. ಎಲ್ಲ ಕಡೆಯೂ ಸಿಗಲಿಲ್ಲ. ನಾಲ್ಕು ಕಡೆ ಸಿಕ್ಕಿತು: ಅದೇ ಮೊತ್ತ, ಆಣೆ ಪೈಗಳೂ ವ್ಯತ್ಯಾಸವಾಗದೆ, ಹೊಸದಾಗಿ ಸೇರಿದ ಹೆಸರೊಂದರ ಎದುರು. ಅಕ್ಷರ ಅದೇ ದುಂಡು ಅಕ್ಷರ. ಒಂದು ಕಡೆ ಹೊಸ ಹೆಸರಿನ ಪಕ್ಕದಲ್ಲಿ "ಹುಡುಗ, ಅರ್ಧ ಕೂಲಿ" ಎಂದಿದೆ.

ನನ್ನ ತಂದೆಯನ್ನು ಓದಿಸಿದ್ದು ಆ ಲೇಖನಿಯ ಸಂಬಳ, ನನ್ನ ಎಂ.ಎ. ಪದವಿಗೂ ಅದೇ ಬುನಾದಿ. ಅಜ್ಜ ಕೆಟ್ಟವರಾಗಿದ್ದರೆಂದು ನಾನು ತಿಳಿಯಲಾರೆ. ತಮಗೆ ಹೇಳಿದ್ದನ್ನು ತಪ್ಪಿಲ್ಲದೆ ಬರೆದರು. ಅವರು ಬರೆದಿಟ್ಟದ್ದರಿಂದಲೇ ಈ ನಾಲ್ಕು ಹೆಸರುಗಳಾದರೂ ನನಗೆ ದೊರೆತವು. ಈಗ ಆ ಪುಸ್ತಕವನ್ನು ಪ್ರತಿ ಮಾಡುವ ಕೆಲಸಕ್ಕೆ ಕುಳಿತಿದ್ದೇನೆ. ಆ ವಿದ್ಯಾರ್ಥಿನಿ ಹೆಸರುಗಳನ್ನು ಓದಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. "ಇಲ್ಲ" ಎಂದಿರುವ ಕಡೆ ನಿಲ್ಲಿಸಿ, ಕೆಳಗೆ ನೋಡುತ್ತೇವೆ.